ಒಂದು ಬೋಲ್ಟೂ ಅಲುಗಲಿಲ್ಲ

ನಮ್ಮ ಬೀದಿಯ ವೆಲ್ಡರ್ ಕಿಟಕಿಗೆ ಗ್ರಿಲ್ ಮಾಡಿದರೆ ಒಳಗಿನಿಂದ ತೆರೆಯುವಂತೆ ಒಂದು ಬಾಗಿಲು ಇಟ್ಟೇ ಇಡುತ್ತಾನೆ. ಬೇಡವೆಂದವರ ಮನೆಯಿಂದ ಸಾಮಾನು ಎತ್ತಿಕೊಂಡು ಹೊರಟುಬಿಡುತ್ತಾನೆ.

ಹಿಂದೆ ಹಾಗಿರಲಿಲ್ಲ. ಬಿರುಗಾಳಿಗೆ ತನ್ನ ಅಮ್ಮನ ಮನೆಯ ಸೂರಿನ ತಗಡು ಹಾರಿಹೋದಾಗ ಅವನು ಹಟಕ್ಕೆ ಬಿದ್ದ. ಹೊಸ ತಗಡನ್ನು ಕಬ್ಬಿಣದ ತೊಲೆಗಳಿಗೆ ಬೋಲ್ಟ್ ಹಾಕಿ ಬಿಗಿದ. ಮುರಿದ ಕೊಂಬೆಗಳು ಒಳಗೆ ನುಗ್ಗದಂತೆ ಕಿಟಕಿಗಳಿಗೆ ದಪ್ಪ ಸರಳು ಬೆಸೆದ.

"ಮನೆ ಕಟ್ತಿದ್ದೀಯೋ, ಜೈಲು ಕಟ್ತಿದ್ದೀಯೋ?" ಎಂದು ಅಮ್ಮ ನಕ್ಕಳು.

"ಇನ್ಮೇಲೆ ಎಂಥ ಗಾಳಿ ಬಂದ್ರೂ ಕಾಲು ಚಾಚಿ ಮಲ್ಕೋಮ್ಮ."

ಮರುವರ್ಷ ಹೊಳೆ ಉಕ್ಕಿತು. ಹೊರಕ್ಕೆ ತೆರೆಯುವ ಬಾಗಿಲನ್ನು ನೀರು ಒತ್ತಿ ಹಿಡಿಯಿತು. ಪಕ್ಕದ ಮನೆಯವರು ತಮ್ಮ ಮುರುಕಲು ತಗಡನ್ನು ಒದ್ದು ಕಿತ್ತು, ಸೂರಿನ ಮೇಲೆ ಹತ್ತಿ ಬದುಕಿಕೊಂಡರು. ಅಮ್ಮ ಅಟ್ಟದ ಮೇಲಿಂದ ತಗಡಿಗೆ ಗುದ್ದುವ ಸದ್ದು ಅವರಿಗೆ ಕೇಳುತ್ತಿತ್ತು. ಆಮೇಲೆ ನಿಂತುಹೋಯಿತು.

ನೀರು ಇಳಿದ ಮೇಲೆ ಊರಿಗೆ ಊರೇ ಸೇರಿತು. ಸಮಾಧಾನ ಹೇಳುವುದಕ್ಕೂ ಒಂದಿಷ್ಟು ಬುದ್ಧಿ ಬೇಕು. ಪಕ್ಕದ ಮನೆಯ ಯಜಮಾನ ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ:

"ನಿನ್ನ ಕೆಲಸದಲ್ಲಿ ಏನೂ ತಪ್ಪಿಲ್ಲ ಕಣಪ್ಪ. ನೋಡು, ಒಂದು ಬೋಲ್ಟಾದ್ರೂ ಅಲುಗಿದ್ಯಾ?"