ಹನಿಯಕ್ಕನಿಗೆ ಸಿಕ್ಕ ಚಪ್ಪಾಳೆ

ನಮ್ಮಕ್ಕನಿಗೆ ಇದ್ದದ್ದು ಒಂದೇ ಆಸೆ. ತುಂಬಿದ ಸಭೆಯಲ್ಲಿ, ತಾನು ಹಿಂದೆ ಕೈಕೆಳಗೆ ಕೆಲಸ ಮಾಡಿದ ದೊಡ್ಡ ಡಾಕ್ಟರು ತನ್ನ ಹೆಸರು ಹೇಳಬೇಕು. ಆರೋಗ್ಯ ಸಂಶೋಧನೆ ಮಾಡಿ ನಮ್ಮ ಪ್ರಾಂತ್ಯಕ್ಕೆ ಉಪಕಾರ ಮಾಡಿದವರಿಗೆ ವರ್ಷವರ್ಷವೂ ಸನ್ಮಾನ ಮಾಡುತ್ತಾರಲ್ಲ, ಈ ಸಲ ಅದು ದೊಡ್ಡ ಡಾಕ್ಟರಿಗೇ ಎಂದು ಗೊತ್ತಾಗಿ, ಹಳೆಯ ಕೆಲಸಗಾರರೂ ಬರಬೇಕೆಂದು ಕರೆ ಬಂದದ್ದೇ ತಡ, ಅವಳಿಗೆ ಆಕಾಶ ಮೂರೇ ಗೇಣು. ಹಾಲಿನವನಿಗೆ ಹೇಳಿದಳು, ಕಸ ಒಯ್ಯುವವಳಿಗೆ ಹೇಳಿದಳು, ಮಾತು ಬಿಟ್ಟಿದ್ದ ಎದುರುಮನೆಯವಳಿಗೂ ಜಗಳ ಮರೆತು ಹೇಳಿ ಬಂದಳು.

"ನನ್ನ ಹೆಸರು ಹೇಳ್ದೆ ಅವರು ಭಾಷಣ ಮುಗಿಸಲ್ಲ, ನೋಡ್ತಿರು."

"ಮರೆತುಬಿಟ್ರೆ?" ಅಂದೆ.

"ನಿನ್ನ ಬಾಯಲ್ಲಿ ಒಳ್ಳೇ ಮಾತು ಬಂದಿದ್ದು ಯಾವತ್ತು?"

ಅದೂ ನಿಜವೇ. ನಾನು ಅವಳ ತಂಗಿ, ಹೊಲಿಗೆ ನನ್ನ ಕಸುಬು. ಗಂಡ ತೀರಿಕೊಂಡ ಮೇಲೆ ಅವಳ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಬಿದ್ದಿದ್ದೇನೆ. ಅವಳ ಮಂಡಿ ತಿಕ್ಕುವುದು, ಅವಳ ಪುರಾಣ ಕೇಳುವುದು, ನಡುನಡುವೆ ಅವಳ ಬಲೂನಿಗೆ ಸೂಜಿ ಚುಚ್ಚುವುದು, ಇಷ್ಟೇ ನನ್ನ ಬಾಳು. ಹಾಗಿದ್ದರೂ ಅವಳ ಬಗ್ಗೆ ನನಗೆ ಹೆಮ್ಮೆ ಇತ್ತು. ಯಾಕೆ ಸುಳ್ಳು ಹೇಳಲಿ?

ಬೀದಿಯವರೆಲ್ಲ ಅವಳನ್ನು ಕರೆಯುವುದು ಹನಿಯಕ್ಕ ಎಂದು. ಆ ಕಾಲದಲ್ಲಿ ಬೇಸಿಗೆ ಬಂತೆಂದರೆ ಎಳೆಮಕ್ಕಳಿಗೆ ಬೇಧಿ. ಬೆಳಿಗ್ಗೆ ನಗುತ್ತಿದ್ದ ಕೂಸು ಸಂಜೆಯ ಹೊತ್ತಿಗೆ ಕಣ್ಣು ಗುಳಿಬಿದ್ದು ಬಾಡಿರುತ್ತಿತ್ತು. ದೊಡ್ಡ ಡಾಕ್ಟರು ಅದನ್ನು ತಡೆಯಲು ಹನಿ ಔಷಧಿಯೊಂದನ್ನು ಮಾಡಿದರು. ಅದು ನಿಜಕ್ಕೂ ಕೆಲಸ ಮಾಡುತ್ತದೋ ಇಲ್ಲವೋ ಪರೀಕ್ಷೆ ಆಗಬೇಕಲ್ಲ, ಅದಕ್ಕೆ ಎರಡು ಬಗೆಯ ಬಾಟಲಿ ಮಾಡಿಸಿದರು. ಒಂದಕ್ಕೆ ಕೆಂಪು ಮುಚ್ಚಳ, ಇನ್ನೊಂದಕ್ಕೆ ಹಳದಿ. ಒಂದರಲ್ಲಿ ಔಷಧಿ, ಇನ್ನೊಂದರಲ್ಲಿ ಬರೀ ಸಿಹಿನೀರು. ಯಾವುದರಲ್ಲಿ ಯಾವುದೆಂದು ಹನಿ ಹಾಕುವವರಿಗೂ ಹೇಳಿರಲಿಲ್ಲ. ಅರ್ಧ ಮನೆಗಳಿಗೆ ಕೆಂಪು, ಅರ್ಧ ಮನೆಗಳಿಗೆ ಹಳದಿ. ಪರೀಕ್ಷೆಗೆ ಆರಿಸಿದ್ದರಲ್ಲಿ ಎಲ್ಲಕ್ಕಿಂತ ದೊಡ್ಡದಾದ ನಮ್ಮ ಬೀದಿ ಅಕ್ಕನ ಪಾಲಿಗೆ ಬಂತು.

ವಾರಕ್ಕೊಮ್ಮೆ ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದಳು. ಮಗುವಿನ ಗಲ್ಲ ಒತ್ತಿ ಬಾಯಿ ತೆರೆಸಿ ಹನಿ ಬಿಡುವುದು, ತಾಯಂದಿರ ಉಗುರು ನೋಡಿ ಬೈಯುವುದು, ಯಾರನ್ನೂ ಕೇಳದೆ ನೀರಿನ ಕೊಡದ ಮುಚ್ಚಳ ಎತ್ತಿ ಮೂಗು ಮುರಿಯುವುದು. ಅವಳನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ; ಬಾಗಿಲು ಮಾತ್ರ ಎಲ್ಲರೂ ತೆರೆಯುತ್ತಿದ್ದರು. ಇತ್ತ ಮನೆಯಲ್ಲಿ ತೊಳೆಯದ ಪಾತ್ರೆ ರಾಶಿ ಬಿದ್ದಿರುತ್ತಿತ್ತು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅಮ್ಮ ಗೊಣಗುತ್ತಿದ್ದಳು.

ಬೇಸಿಗೆಯ ಮೊದಲಲ್ಲೇ ಹಳದಿ ಮುಚ್ಚಳದ ಎರಡು ಮನೆಗಳಲ್ಲಿ ತೊಟ್ಟಿಲು ಬರಿದಾಯಿತು. ಅಕ್ಕನಿಗೆ ಅಷ್ಟೇ ಸಾಕಾಯಿತು. ಅಡುಗೆಮನೆಯ ದೊಡ್ಡ ಪಾತ್ರೆಗೆ ಎಲ್ಲ ಬಾಟಲಿಗಳನ್ನೂ ಸುರಿದಳು. ಚೆನ್ನಾಗಿ ಕದಡಿ, ಮತ್ತೆ ತುಂಬಿ, ಕೆಂಪಿಗೆ ಕೆಂಪು ಹಳದಿಗೆ ಹಳದಿ ಮುಚ್ಚಳ ತಿರುಗಿಸಿದಳು. ಹೊಸ ಬಾಟಲಿಗಳು ಬಂದಾಗಲೆಲ್ಲ ಹಾಗೇ ಮಾಡಿದಳು. ಆಮೇಲೆ ನಮ್ಮ ಬೀದಿಯಲ್ಲಿ ಒಂದು ಮಗುವೂ ಸಾಯಲಿಲ್ಲ. ಈ ಗುಟ್ಟು ಹೇಳಿದ್ದು ನನಗೊಬ್ಬಳಿಗೇ.

"ದೊಡ್ಡ ಡಾಕ್ಟರಿಗೆ ಗೊತ್ತಾಗಿರತ್ತೆ ಕಣೇ. ಗೊತ್ತಿದ್ದೂ ಸುಮ್ನಿದ್ರು. ದೇವರಂಥ ಮನುಷ್ಯ" ಎನ್ನುತ್ತಿದ್ದಳು. ಆ ಮಾತನ್ನು ಇಂದಲ್ಲ ನಾಳೆ ಅವರೇ ವೇದಿಕೆಯ ಮೇಲೆ ಹೇಳುತ್ತಾರೆ ಎಂದು ಅವಳ ನಂಬಿಕೆ.

ನನ್ನ ಮಾತಿಗೆ ಬರುತ್ತೇನೆ. ಮದುವೆಯಾಗಿ ನಾನು ಬೇರೆ ಊರಿಗೆ ಹೋದೆ, ಮಗಳು ಹುಟ್ಟಿದಳು. ಗೋಡೆ ಹಿಡಿದು ಹೆಜ್ಜೆ ಇಡುವ ವಯಸ್ಸಿಗೆ ಅವಳಿಗೂ ಒಂದು ಬೇಸಿಗೆ ಬಂತು. ಹನಿ ತಾ ಎಂದು ಮೊದಲೇ ಅಕ್ಕನಿಗೆ ಹೇಳಿಕಳಿಸಿದ್ದೆ. ಅವಳು ಬರಿಗೈಯಲ್ಲಿ ಬಂದಳು. ಪರೀಕ್ಷೆ ಮುಗಿದು ಬಾಟಲಿಗಳನ್ನೆಲ್ಲ ವಾಪಸು ಒಯ್ದಿದ್ದಾರೆ, ಔಷಧಿಯನ್ನು ಸರ್ಕಾರ ಇನ್ನೂ ಒಪ್ಪಿಲ್ಲ ಎಂದಳು. ಬೇಧಿ ಹತ್ತಿದ ನನ್ನ ಮಗು ಆಸ್ಪತ್ರೆಯ ಮೊಗಸಾಲೆಯಲ್ಲಿ, ನಾನು ಚೀಟಿಗೆ ಸರದಿ ನಿಂತಿದ್ದಾಗಲೇ ನನ್ನ ತೋಳಿನಲ್ಲಿ ತಣ್ಣಗಾಯಿತು. ಅಕ್ಕ ನನ್ನನ್ನು ತಬ್ಬಿಕೊಂಡು ಸರ್ಕಾರಕ್ಕೆ ಹಿಡಿಶಾಪ ಹಾಕಿದಳು. ಅವತ್ತಿನಿಂದ ನಾನೂ ಸರ್ಕಾರವನ್ನೇ ಶಪಿಸಿಕೊಂಡು ಬಂದೆ. ಮತ್ತೆ ನನಗೆ ಮಕ್ಕಳಾಗಲಿಲ್ಲ.

ಸಭೆಯ ದಿನ ಅಕ್ಕ ನನ್ನನ್ನೂ ಎಳೆದುಕೊಂಡು ಹೋದಳು. ಹೊರಗೆ ಬಿಸಿಲು, ಒಳಗೆ ಮೈ ನಡುಗುವಷ್ಟು ತಂಪು. ದೊಡ್ಡ ಡಾಕ್ಟರು ಹಣ್ಣುಹಣ್ಣು ಮುದುಕ, ಇಬ್ಬರ ಹೆಗಲು ಹಿಡಿದು ಮೈಕಿನ ಹತ್ತಿರ ಬಂದರು. ಧ್ವನಿ ಮಾತ್ರ ಗಟ್ಟಿಯಾಗಿತ್ತು.

"ಈ ಔಷಧಿ ಒಂದ್ಸಲ ಸತ್ತೇ ಹೋಗಿತ್ತು, ಗೊತ್ತಾ?" ಎಂದು ನಕ್ಕರು. "ಪರೀಕ್ಷೆ ಮುಗಿಸಿ ನೋಡ್ತೀನಿ, ಒಂದು ಬೀದೀಲಿ ಸಿಹಿನೀರು ಕುಡಿದ ಮಕ್ಕಳೂ ಗುಂಡುಗುಂಡಗೆ ಆಡ್ತಿವೆ! ನಿಮ್ಮ ಔಷಧಿ ಯಾಕ್ರೀ, ಸಕ್ಕರೆನೇ ಹಂಚೋಣ ಅಂದ್ರು ಮೇಲಿನೋರು."

ಸಭೆಯೆಲ್ಲ ನಕ್ಕಿತು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕು ನನ್ನ ತೊಡೆ ಚಿವುಟಿದಳು. ಬಂತು ನೋಡು, ಬಂತು.

"ಯಾರೋ ಮಹಾತಾಯಿ ಎರಡನ್ನೂ ಬೆರೆಸಿರ್ಬೇಕು. ಯಾವ ಬೀದಿಗೆ ಯಾರು ಅನ್ನೋ ಪಟ್ಟಿ ಕಳೆದುಹೋಗಿ, ಯಾರು ಅಂತ ಕೊನೇತನಕ ತಿಳೀಲಿಲ್ಲ. ಮತ್ತೆ ಮೊದಲಿಂದ ಪರೀಕ್ಷೆ ಮಾಡ್ಬೇಕಾಯ್ತು. ಔಷಧಿ ಒಪ್ಪಿಗೆ ಆಗೋದು ಮೂರು ಬೇಸಿಗೆ ತಡವಾಯ್ತು." ಅವರ ನಗು ಆರಿತ್ತು. "ಆ ಮೂರು ಬೇಸಿಗೇಲಿ ಪ್ರಾಂತ್ಯದಲ್ಲಿ ಎಷ್ಟು ಮಕ್ಕಳು ಹೋದ್ವೋ, ಲೆಕ್ಕ ಹಾಕೋ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ."

ಅದರಲ್ಲಿ ಎರಡನೆಯ ಬೇಸಿಗೆ ನನ್ನ ಮಗಳದು.

ಅಕ್ಕ ನನ್ನ ಕಡೆ ತಿರುಗಿದಳು. ನನ್ನ ಮುಂಗೈ ಹಿಡಿದುಕೊಂಡು, "ನಂಗೆ ಗೊತ್ತಿರ್ಲಿಲ್ಲ ಕಣೇ... ಆಣೆಗೂ ಗೊತ್ತಿರ್ಲಿಲ್ಲ" ಎಂದಳು. ಗೊತ್ತಿರಲಿಲ್ಲ ಎಂಬುದು ನನಗೂ ಗೊತ್ತು. ನಮ್ಮ ಬೀದಿಯ ಹಳದಿ ಮನೆಗಳ ಮಕ್ಕಳು ಇವತ್ತು ಮೀಸೆ ತಿರುವಿಕೊಂಡು ಓಡಾಡುವುದು ಅವಳ ದಯೆಯಿಂದಲೇ. ಅಷ್ಟೆಲ್ಲ ತಿಳಿದೂ ಅವಳ ಕೈ ನನಗೆ ಹೇಸಿಗೆಯಾಯಿತು. ಕೊಡವಿಬಿಟ್ಟೆ.

"ಏನೇ ಆಗ್ಲಿ," ದೊಡ್ಡ ಡಾಕ್ಟರು ಮುಂದುವರಿಸಿದರು, "ಮನೆಮನೆ ಸುತ್ತಿದ ಹೆಣ್ಣುಮಕ್ಕಳು ಇಲ್ದಿದ್ರೆ ಈ ಪ್ರಶಸ್ತಿ ಇಲ್ಲ. ಯಾರಾದ್ರೂ ಬಂದಿದ್ರೆ ದಯವಿಟ್ಟು ಎದ್ದು ನಿಲ್ಲಿ."

ಅಲ್ಲೊಬ್ಬಳು ಇಲ್ಲೊಬ್ಬಳು ಮುದುಕಿ ಎದ್ದು ನಿಂತರು. ಅಕ್ಕ ಕುರ್ಚಿಯಲ್ಲಿ ಇನ್ನಷ್ಟು ಕುಗ್ಗಿದಳು. "ಬೇಡ ಕಣೇ, ಮನೆಗೆ ಹೋಗೋಣ" ಎಂದಳು. ನಾನು ಅವಳ ಕಂಕುಳಿಗೆ ಕೈಹಾಕಿ ಎತ್ತಿ ನಿಲ್ಲಿಸಿದೆ.

"ಇಲ್ಲೊಬ್ಬರಿದಾರೆ!" ಎಂದು ಕೂಗಿದೆ.

ಮೈಕು ಹಿಡಿದವಳು ಓಡಿಬಂದು ಅಕ್ಕನ ಬಾಯಿಗೆ ಒಡ್ಡಿ, "ನಿಮ್ಮ ಹೆಸರು ಹೇಳಿ ಅಮ್ಮ" ಎಂದಳು. ಅಕ್ಕ ಮುಖ ಪಕ್ಕಕ್ಕೆ ತಿರುಗಿಸಿದಳು. ನಾನು ಮೈಕು ಕಿತ್ತುಕೊಂಡು ಅವಳ ಪೂರ್ತಿ ಹೆಸರು ಹೇಳಿದೆ. ಅವಳು ಹನಿ ಹಾಕಿದ ಬೀದಿಯ ಹೆಸರನ್ನೂ ಬಿಡಿಸಿ ಹೇಳಿದೆ.

ದೊಡ್ಡ ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನಮ್ಮ ಕಡೆ ನೋಡಿದರು. ಆಮೇಲೆ ಒಂದೊಂದೇ ಅಕ್ಷರ ಹಿಡಿದು ಅಕ್ಕನ ಹೆಸರನ್ನು ಮೈಕಿನಲ್ಲಿ ಉಚ್ಚರಿಸಿದರು. ಸಭೆಗೆ ಏನು ತಿಳಿಯಬೇಕು, ಜೋರಾಗಿ ಚಪ್ಪಾಳೆ ತಟ್ಟಿತು. ಅಕ್ಕ ಮುಂದಿನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಎಲ್ಲರೂ ನಿಲ್ಲಿಸಿದ ಮೇಲೂ ನಾನು ತಟ್ಟುತ್ತಲೇ ಇದ್ದೆ.