ಅಜ್ಜಿ ಎಲ್ಲಿಂದ ಬಂದವರು

ಮೈದಾ ಅಂಟು ಕುದಿಯುವ ವಾಸನೆ ಎಲ್ಲಿಂದಲಾದರೂ ತೇಲಿಬಂದರೆ ನನಗೆ ಇವತ್ತಿಗೂ ಒಂಟಿಕೊಪ್ಪಲಿನ ನಮ್ಮ ಹಳೆಯ ಮನೆಯ ಪಡಸಾಲೆ ಕಣ್ಣಮುಂದೆ ನಿಲ್ಲುತ್ತದೆ. ಹುಳಿಯಾದ ಬೆಚ್ಚನೆಯ ವಾಸನೆ, ಅದರೊಳಗೆ ಹುಳ ಬೀಳದಿರಲೆಂದು ಹಾಕಿದ ಮೈಲುತುತ್ತದ ಘಾಟು. ಡ್ರಾಯಿಂಗ್ ಮೇಷ್ಟ್ರಾಗಿದ್ದ ಚಿಕ್ಕಪ್ಪ ಆ ಅಂಟಿನಿಂದ ದೊಡ್ಡ ಹಾಳೆಗಳನ್ನು ಜೋಡಿಸಿ ಗೋಡೆಗೆ ಮೆತ್ತಿ, ಅದರ ಮೇಲೆ ನಮ್ಮ ವಂಶದ ಮರ ಬರೆಯುತ್ತಿದ್ದರು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದ ಕಾಲ. ಬೇರೆ ಮೇಷ್ಟ್ರುಗಳು ರಜೆಯಲ್ಲಿ ಇಸ್ಪೀಟು ಆಡಿದರೆ ಚಿಕ್ಕಪ್ಪ ಸೈಕಲ್ಲು ಹತ್ತಿ ನಮ್ಮ ಮೂಲದ ಊರಾದ ಇಲವಾಲಕ್ಕೆ ಹೋಗಿ, ಜಗಲಿಯಲ್ಲಿ ಕೂತ ಮುದುಕರಿಂದ ತಾತ ಮುತ್ತಾತಂದಿರ ಹೆಸರು ಕೇಳಿಕೊಂಡು ಬರುತ್ತಿದ್ದರು.

ಇದು ಬರೀ ಹವ್ಯಾಸವೆಂದು ಯಾರೂ ನಂಬಲಿಲ್ಲ. ಇಲವಾಲದ ದಾಯಾದಿಗಳು ಹೊಲದಲ್ಲಿ ಭಾಗ ಕೇಳಲು ಬಂದಿದ್ದಾನೆಂದುಕೊಂಡು, ಮಜ್ಜಿಗೆ ಕೊಟ್ಟು ಮಾತು ನುಂಗಿದರು. ಅಪ್ಪನಿಗೂ ತಮ್ಮನ ಮೇಲೆ ಗುಮಾನಿ. ಇವನು ಒಳಗೊಳಗೇ ಮನೆ ಪಾಲಿಗೆ ದಾರಿ ಮಾಡಿಕೊಳ್ಳುತ್ತಿದ್ದಾನೆಂದು ಊಟದ ನಡುವೆ ಕೈ ನಿಲ್ಲಿಸಿ ಆ ಗೋಡೆಯನ್ನೇ ನೋಡುತ್ತಿದ್ದರು. ಎಲ್ಲರಿಗಿಂತ ಹೆಚ್ಚಿನ ಕಸಿವಿಸಿ ಅಜ್ಜಿಗೆ. "ಸತ್ತೋರ ಹೆಸರು ಕಟ್ಕಂಡು ಏನ್ಲಾ ಮಾಡೀಯೆ? ಸುಮ್ಕಿರಬಾರ್ದಾ?" ಎನ್ನುತ್ತಿದ್ದರು. ಮರದಲ್ಲಿ ಅವರ ತವರಿನ ಜಾಗ ಖಾಲಿಯಿತ್ತು. ಕೇಳಿದರೆ "ನಂಗ್ಯಾರೂ ಇಲ್ಲ ಬುಡು" ಎಂದು ಎದ್ದು ಹಿತ್ತಿಲಿಗೆ ಹೋಗುವರು. ಆಗ ನನಗೂ ಅನುಮಾನ ಹತ್ತಿತು: ಯಾರೂ ಇಲ್ಲದವರು ಹೆದರುವುದೇಕೆ?

ಒಂದು ಭಾನುವಾರ ಇಲವಾಲದ ಮುದುಕರೊಬ್ಬರು ಬಾಯಿತಪ್ಪಿ, "ನಿಮ್ಮವ್ವ ಹಿನಕಲ್ಲಿಂದ ಬಂದೋಳಲ್ವಾ" ಎಂದುಬಿಟ್ಟರಂತೆ. ಮುಂದಿನ ವಾರ ಚಿಕ್ಕಪ್ಪ ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹಿನಕಲ್ಲಿಗೆ ಹೊರಟರು. ಆಗ ಅದು ರಾಗಿ ಹೊಲಗಳ ನಡುವಿನ ಊರು, ನಮ್ಮ ಮನೆಯಿಂದ ದೂರವೇನಲ್ಲ. ಚಿಕ್ಕತಾಯಮ್ಮ ಎಂದು ಅಜ್ಜಿಯ ಹೆಸರು ಹೇಳಿದ್ದಕ್ಕೆ ಊರವರು ಒಂದು ಹೆಂಚಿನ ಮನೆ ತೋರಿಸಿದರು. ಅಲ್ಲಿ ಹುರುಳಿ ಕೇರುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿದರು. ಅಗಲ ಹಣೆ, ಬಿಗಿದ ತುಟಿ, ಥೇಟ್ ನಮ್ಮ ಅಜ್ಜಿ. ಚಿಕ್ಕಪ್ಪ ತಾವು ಯಾರೆಂದು ಹೇಳಿದ ಮೇಲೆ ಆಕೆ ಮೊರ ಕೆಳಗಿಡದೆಯೇ ಹೇಳಿದರು: "ಚಿಕ್ಕತಾಯಮ್ಮ ನಮ್ಮವ್ವ ಕಣಪ್ಪ. ಈಗ್ಯಾಕ್ ಬಂದ್ರಿ? ನಾನೇನಾದ್ರೂ ಕೇಳ್ಕಂಡ್ ಬಂದಿದ್ನಾ ನಿಮ್ಮನೆಗೆ?" ಚಿಕ್ಕಪ್ಪ ಸೈಕಲ್ಲು ತಿರುಗಿಸಿದರು.

ಮಾರನೆಯ ದಿನ ಅಜ್ಜಿ ನನಗೆ ಜಡೆ ಹಾಕುತ್ತಾ, "ನೆನ್ನೆ ಎಲ್ಗೋಗಿದ್ರಿ?" ಎಂದರು. ಹೇಳಿದೆ. ಬೆರಳುಗಳು ನಿಂತವು.

"ಎಂಗವ್ಳೆ?"

"ನಿನ್ನಂಗೇ ಅವ್ರೆ ಅಜ್ಜಿ."

ಅವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆಮೇಲೆ ಚಿಕ್ಕಪ್ಪನನ್ನು ಕರೆದು ಎಲ್ಲ ಹೇಳಿದರು. ಹಿನಕಲ್ಲಿನ ಗಂಡ ಸತ್ತ ಮೇಲೆ ನಮ್ಮ ತಾತನೊಂದಿಗೆ ಅವರಿಗೆ ಕೂಡಿಕೆಯಾಗಿತ್ತು. ಗಂಡ ಸತ್ತವಳ ಮರುಮದುವೆಗೆ ನಮ್ಮಲ್ಲಿ ಹಾಗೆನ್ನುತ್ತಿದ್ದರು. "ಮಗೀನ ಹಿನಕಲ್ ಮನೇವ್ರು ಬುಡ್ಲಿಲ್ಲ ಕಣ್ಲಾ. ಅದು ನಿದ್ದೆ ಮಾಡ್ತಿದ್ದಾಗ್ಲೇ ನನ್ನ ಗಾಡಿ ಹತ್ಸುದ್ರು."

ಚಿಕ್ಕಪ್ಪ ಆ ಮಗಳ ಹೆಸರನ್ನು ಮರದಲ್ಲಿ ಬರೆಯಲು ಹೊರಟಾಗ ಅಪ್ಪ ಅಡ್ಡ ನಿಂತರು. ನನ್ನ ಅಕ್ಕನಿಗೆ ಗಂಡು ಗೊತ್ತಾಗಿತ್ತು. ಕೂಡಿಕೆಯ ಸಾಲಿನವರೆಂದು ತಿಳಿದರೆ ಹೆಣ್ಣು ತರಲು ಹಿಂಜರಿಯುವ ಕಾಲ. "ನನ್ ಮಗಳ ಬಾಳಿಗೆ ಕಲ್ಲಾಕ್ತೀಯೇನ್ಲಾ?" ಎಂದರು. ಚಿಕ್ಕಪ್ಪ ಜಗಳವಾಡಲಿಲ್ಲ. "ಅವ್ರಿಲ್ದಿದ್ಮೇಲೆ ಇದು ಸುಳ್ಳು ಮರ ಕಣಣ್ಣ" ಎಂದು ಹಾಳೆಗಳನ್ನು ತಾವೇ ಕಿತ್ತು ಹಂಡೆಯ ಒಲೆಗೆ ಹಾಕಿದರು. ಆದರೆ ಅದೇ ವಾರ ಜಟಕಾ ಕರೆದು ಅಜ್ಜಿಯನ್ನು ಹಿನಕಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಏನು ಮಾತಾಯಿತೆಂದು ಅಜ್ಜಿ ಯಾರಿಗೂ ಹೇಳಲಿಲ್ಲ. ಅಪ್ಪ ಕೇಳಲೂ ಇಲ್ಲ.

ಅಕ್ಕನ ಮದುವೆಯಾದ ಮರುವರ್ಷ ಅಜ್ಜಿ ತೀರಿಕೊಂಡರು. ಯಾರು ಹೇಳಿಕಳಿಸಿದ್ದರೋ, ಹಿನಕಲ್ಲಿನ ಆ ಮಗಳು ಬಂದು ಅಂಗಳದಲ್ಲಿ ನಿಂತಿದ್ದರು. ಇಲವಾಲದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕನ ಮಾವನವರು, "ಯಾರವ್ರು?" ಎಂದು ಕೇಳಿಯೂಬಿಟ್ಟರು. ಅಪ್ಪ ಎದ್ದು ಹೋಗಿ, ಆಕೆಯ ಕೈಹಿಡಿದು ಎಲ್ಲರ ನಡುವೆ ಕರೆತಂದು ಅಜ್ಜಿಯ ತಲೆಯ ಬಳಿ ಕೂರಿಸಿದರು. "ನಮ್ಮಕ್ಕ" ಎಂದರು.

ಆಮೇಲೆ ಗೌರಿಹಬ್ಬಕ್ಕೆ ಅವರಿಗೆ ನಮ್ಮ ಮನೆಯಿಂದ ಬಾಗಿನ ಹೋಗುತ್ತಿತ್ತು. ಅಪ್ಪ ತೀರಿಕೊಂಡಾಗ "ನನ್ ತಮ್ಮ" ಎಂದು ಎದೆ ಬಡಿದುಕೊಂಡು ಅತ್ತವರೂ ಅವರೇ. ಈಗ ಅವರಾರೂ ಇಲ್ಲ. ಹಿನಕಲ್ಲಿನ ರಾಗಿ ಹೊಲಗಳ ಮೇಲೆ ಸಾಲು ಸಾಲು ಮನೆಗಳೆದ್ದಿವೆ. ಆ ಹೆಂಚಿನ ಮನೆ ಯಾವ ಬೀದಿಯಲ್ಲಿತ್ತೆಂದು ನನಗೆ ನೆನಪಾಗುತ್ತಿಲ್ಲ, ಕೇಳೋಣವೆಂದರೆ ಯಾರೂ ಉಳಿದಿಲ್ಲ.