ಹೆದರುತ್ತಲೇ ರಿಪೇರಿ ಮಾಡಿದ ಶಾಂತವ್ವ

ಮಷೀನು ಚಾಲೂ ಮಾಡುವ ಮೊದಲು ಶಾಂತವ್ವ ಬಳೆ ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದರು. ತಾಳಿಯನ್ನು ರವಿಕೆಯೊಳಗೆ ಸೇರಿಸಿ, ಸೆರಗು ಬಿಗಿದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಆಗ ಅವರ ಮೇಲ್ದುಟಿ ಬೆವರುವುದನ್ನು ನಾನು ನೋಡಿದ್ದೇನೆ. ಪೀಣ್ಯದಲ್ಲಿ ಹಳೆಯ ಡ್ರಿಲ್ಲು, ಕಟಿಂಗ್ ಮಷೀನುಗಳನ್ನು ರಿಪೇರಿ ಮಾಡಿ ಮಾರುತ್ತಿದ್ದ ಗದಗದ ಕಡೆಯ ಈ ಹೆಂಗಸಿಗೆ ಮಷೀನೆಂದರೆ ಭಯ. ಇಪ್ಪತ್ತು ವರ್ಷ ದಿನಾ ಮುಟ್ಟಿದರೂ ಅದು ಹೋಗಿರಲಿಲ್ಲ.

ಜಾಲಹಳ್ಳಿಯ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ಹೂಕುಂಡ ಇಡುವ ಕಬ್ಬಿಣದ ಸ್ಟ್ಯಾಂಡುಗಳನ್ನು ಮಾಡಿ ಮಾರಲು ಶುರುಮಾಡಿದ್ದೆ. ಫೋನಿನಲ್ಲಿ ಫೋಟೋ ನೋಡಿ ಯಾರಿಂದಲೋ ಕೈಯಲ್ಲಿ ಹಿಡಿದು ಕತ್ತರಿಸುವ ಹಳೆಯ ಕಟಿಂಗ್ ಮಷೀನು ಕೊಂಡೆ. ವೈರು ಬಿಸಿಯಾಗುತ್ತದೆಂದು ಶಾಂತವ್ವನವರ ಬಳಿ ಒಯ್ದೆ.

"ಇದರ ಗಾರ್ಡ್ ಎಲ್ಲೈತಿ?" ಎಂದರು. ಕಬ್ಬಿಣ ಕತ್ತರಿಸಲು ತಿರುಗುವ ವೀಲನ್ನು ಅರ್ಧ ಮುಚ್ಚುವ ಕವಚ ಅದು. ಇಲ್ಲವೆಂಬುದನ್ನೇ ನಾನು ಗಮನಿಸಿರಲಿಲ್ಲ.

"ಮಾರಿದೋನು ಹಂಗೇ ಕೊಟ್ಟ ಅಕ್ಕ. ಹುಷಾರಾಗಿ ಮಾಡ್ತೀನಿ ಬಿಡಿ."

ಅವರು ವೀಲು ಬಿಚ್ಚಿಟ್ಟು, ಮಷೀನನ್ನು ಮೇಜಿಗೆ ಬಿಗಿದು ಸ್ವಿಚ್ ಹಾಕಿದರು. ಆಮೇಲೆ ಆಫ್ ಮಾಡಿದರು. ಮಷೀನು ನಿಲ್ಲಲಿಲ್ಲ. ಗೋಡೆಯ ಪ್ಲಗ್ ಕಿತ್ತಮೇಲೇ ನಿಂತದ್ದು.

"ನಿನ್ನ ಕೈಯಾಗ ಹಿಂಗ ಆಗಿದ್ರ ಏನ್ ಮಾಡ್ತಿದ್ದಿ ತಂಗಿ?"

ಸ್ವಿಚ್, ವೈರು, ಗಾರ್ಡ್ ಹೊಸದು ಹಾಕುವವರೆಗೆ ಕೊಡುವುದಿಲ್ಲವೆಂದರು. ಆರ್ಡರ್ ತಡವಾಗುತ್ತದೆಂದು ಜಗಳವಾಡಿದೆ. ಅವರು ಮಷೀನನ್ನು ಕಾಲಡಿಗೆ ತಳ್ಳಿಕೊಂಡು ಕೂತರು.

ನಾಲ್ಕನೇ ದಿನ ಹೋದಾಗ ಅವರು ಬಾಗಿಲಲ್ಲಿ ಗಿರಾಕಿಯೊಡನೆ ಮಾತಾಡುತ್ತಿದ್ದರು. ರಿಪೇರಿಯಾದ ಮಷೀನು ಮೇಜಿನ ಮೇಲಿತ್ತು. ಅದರ ಜೊತೆ ಬಂದಿದ್ದ ಹಳೆಯ ವೀಲನ್ನು ನಾನೇ ಹಾಕಿ ಚಾಲೂ ಮಾಡಿದೆ. ಕೀರಲು ಸದ್ದೊಂದು ಎದ್ದಿತು. "ಬಾಜೂಕ ಸರಿ!" ಎಂದು ಶಾಂತವ್ವ ಕಿರುಚಿದರು. ಓಡಿ ಬಂದು ಪ್ಲಗ್ ಕೀಳುವಷ್ಟರಲ್ಲಿ ವೀಲು ಸಿಡಿದಿತ್ತು. ಚೂರುಗಳು ಗಾರ್ಡಿಗೆ ಬಡಿದವು. ಒಂದು ಚೂರು ಹಾರಿ ತಗಡಿನ ಶಟರಿನಲ್ಲಿ ತಗ್ಗು ಮಾಡಿತು. ಅವರು ನನ್ನ ಮುಖ ಹಿಡಿದು ಕಣ್ಣು, ಗಲ್ಲ, ಕತ್ತು ತಡವಿ ನೋಡಿದರು. ಅವರ ಕೈ ಮಂಜಿನಂತೆ ತಣ್ಣಗಿತ್ತು.

"ಹಳೇ ಮಷೀನ್ ತಗೋ, ಹಳೇ ವೀಲ್ ಮಾತ್ರ ಮುಟ್ಟಬ್ಯಾಡ. ಬಿರುಕು ಕಣ್ಣಿಗೆ ಕಾಣಂಗಿಲ್ಲ. ಹೊಸದು ಹಾಕು, ಕನ್ನಡಕ ಹಾಕು, ಬಾಜೂಕ ನಿಂತು ಒಂದ್ ನಿಮಿಷ ಸುಮ್ನ ತಿರುಗಿಸು. ಆಮ್ಯಾಲೆ ಕಬ್ಬಿಣಕ್ಕ ಹಚ್ಚು." ಹೇಳುತ್ತ ನೆಲದಲ್ಲಿ ಕೂತು ವೀಲಿನ ಚೂರುಗಳನ್ನು ಆರಿಸತೊಡಗಿದರು. "ಗಾರ್ಡ್ ಇರ್ಲಿಲ್ಲಂದ್ರ..." ಎಂದರು.

ಆಮೇಲೆ ಏನು ಕೊಳ್ಳುವುದಿದ್ದರೂ ಅವರನ್ನು ಕರೆದೊಯ್ಯುತ್ತಿದ್ದೆ. ಮಾರುವವನು ಎಷ್ಟೇ ಹೊಗಳಲಿ, ಸ್ವಿಚ್ಚನ್ನು ಹತ್ತು ಸಲ ಹಾಕಿ ಆರಿಸಿ ನೋಡದೆ ಅವರು ತಲೆಯಾಡಿಸುತ್ತಿರಲಿಲ್ಲ.

ಈ ಬೇಸಿಗೆಯ ಒಂದು ಮಧ್ಯಾಹ್ನ ಅವರ ಅಂಗಡಿಯಲ್ಲಿ, ತಿರುಗುತ್ತಿದ್ದ ಡ್ರಿಲ್ಲು ಅವರ ಕೈಯಿಂದ ಜಾರಿತು. ಅವರು ಬೆರಳುಗಳನ್ನೇ ನೋಡುತ್ತ ನಿಂತರು. ಪ್ಲಗ್ ನಾನು ಕಿತ್ತೆ.

"ಹಿಡದೀನೋ ಬಿಟ್ಟೀನೋ ನನಗ ತಿಳಿಯವಲ್ದು ತಂಗಿ. ಮೂರ್ ತಿಂಗಳಾತು, ಬೆರಳು ಬರೀ ಜೋಮು."

ಇಷ್ಟು ವರ್ಷ ಮಷೀನಿನ ನಡುಕ ಕೈಗೆ ತಾಗಿದ್ದೇ ಕಾರಣವೆಂದು ಡಾಕ್ಟರು ಹೇಳಿದ್ದರಂತೆ. ಮುಂದಿನ ವಾರ ಹೋದರೆ ಅಂಗಡಿ ಖಾಲಿ. ಊರಿಗೆ ಹೋದರೆಂದು ಪಕ್ಕದ ಟೀ ಅಂಗಡಿಯವರು ಹೇಳಿದರು.

ಮೊನ್ನೆ ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸುತ್ತಿದ್ದಾಗ ಅವರ ಫೋನ್ ಬಂತು. ಹೆಸರು ಕಂಡ ಖುಷಿಗೆ, ತಿರುಗುವ ಮಷೀನನ್ನು ಒಂದೇ ಕೈಯಲ್ಲಿ ಹಿಡಿದು ಫೋನ್ ಎತ್ತಿಬಿಟ್ಟೆ.

"ಅಕ್ಕ, ಬೆರಳು ಹೇಗಿದೆ?"

"ಅದೇನ್ ಸಪ್ಪಳ? ಬಂದ್ ಮಾಡು! ಮೊದಲು ಬಂದ್ ಮಾಡು!"

ಬಂದ್ ಮಾಡಿ ಫೋನನ್ನು ಮತ್ತೆ ಕಿವಿಗಿಟ್ಟೆ. ಆ ಕಡೆಯಿಂದ ಏದುಸಿರಿನ ನಡುವೆಯೇ ಕೇಳಿದರು, "ಪ್ಲಗ್ ಕಿತ್ತಿಯೇನ್ ತಂಗಿ?"